ಸೈಕಲ್ ಸವಾರರ ಬೆನ್ನುಚೀಲ: ಭಾರ ಯಾರ ಮೇಲೆ?

ಮುಂಜಾನೆ ಹಳ್ಳಿಗಳಿಂದ ಪಟ್ಟಣಕ್ಕೆ ಸೈಕಲ್ಲಿನಲ್ಲಿ ಹಾಲು ತರುವವರನ್ನು ನೀವು ನೋಡಿರಬಹುದು. ಕ್ಯಾರಿಯರಿನ ಎಡಕ್ಕೊಂದು, ಬಲಕ್ಕೊಂದು ಕ್ಯಾನು ಇಳಿಬಿದ್ದಿರುತ್ತದೆ. ಒಂದೊಂದರಲ್ಲಿ 20 ಲೀಟರ್ ಹಾಲಿದ್ದರೂ ಒಟ್ಟು ಭಾರ 40 ಕಿಲೋಗ್ರಾಂ ದಾಟುತ್ತದೆ. ಆದರೂ ಸವಾರನ ಬೆನ್ನು ಖಾಲಿ, ಹೆಗಲು ಹಗುರ. ಅದೇ ರಸ್ತೆಯಲ್ಲಿ ಎರಡು ಗಂಟೆಯ ನಂತರ ಸೈಕಲ್ಲಿನಲ್ಲಿ ಕಚೇರಿಗೆ ಹೊರಟವರು ಒಯ್ಯುವುದು ಏಳೆಂಟು ಕಿಲೋಗ್ರಾಂ ಮಾತ್ರ. ಆದರೆ ಅವರ ಅಂಗಿಯ ಬೆನ್ನು ತೊಯ್ದಿರುತ್ತದೆ, ಹೆಗಲು ನೋಯುತ್ತಿರುತ್ತದೆ.

ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಸೇವೆ ಆರಂಭವಾಯಿತು. ಬೆಂಗಳೂರಿನಲ್ಲಿಯೂ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವ ಹವ್ಯಾಸ ಅನೇಕರಲ್ಲಿ ಮೂಡಿದೆ. ಆದರೆ ಉತ್ಸಾಹದಿಂದ ಆರಂಭಿಸಿದ ಕೆಲವರು ಒಂದೆರಡು ತಿಂಗಳಲ್ಲಿ ಕೈಬಿಡುತ್ತಾರೆ. ವಾಹನಗಳ ದಟ್ಟಣೆ ಮತ್ತು ಹೊಗೆಯ ಜೊತೆಗೆ ಅವರು ಹೇಳುವ ಎರಡು ಕಾರಣಗಳು ಬೆನ್ನುನೋವು ಮತ್ತು ಬೆವರು. ಇವೆರಡರಲ್ಲೂ ಬೆನ್ನಿಗೇರಿಸಿದ ಚೀಲದ ಪಾಲು ದೊಡ್ಡದು. ಚೀಲ ಕೊಳ್ಳುವಾಗ ನಾವು ಜೇಬುಗಳ ಸಂಖ್ಯೆ, ಬಣ್ಣ ಮತ್ತು ಬೆಲೆಯನ್ನು ನೋಡುತ್ತೇವೆ. ಆದರೆ ಭಾರ ಎಲ್ಲಿಗೆ ಹೋಗುತ್ತದೆ, ದೇಹದ ಶಾಖ ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ಇದಕ್ಕೆ ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು.

ಮೊದಲು ತೂಕ ಮಾಡಿ

ಯಾವ ಚೀಲ ಎಂದು ಯೋಚಿಸುವ ಮೊದಲು, ಅದರೊಳಗೆ ಏನಿದೆ ಎಂದು ತೂಕ ಮಾಡಿ ನೋಡುವುದು ಒಳ್ಳೆಯದು. ಕಚೇರಿಗೆ ಹೋಗುವವರೊಬ್ಬರ ಚೀಲದಲ್ಲಿ ಸಾಮಾನ್ಯವಾಗಿ ಇರಬಹುದಾದ ವಸ್ತುಗಳು ಇವು (ತೂಕ ಕಿಲೋಗ್ರಾಂಗಳಲ್ಲಿ):

ಲ್ಯಾಪ್‌ಟಾಪ್ – 1.8
ಅದರ ಚಾರ್ಜರ್ – 0.4
ಊಟದ ಡಬ್ಬಿ – 0.8
ನೀರಿನ ಬಾಟಲಿ – 1.0
ಬದಲಿ ಬಟ್ಟೆ – 0.7
ಸೈಕಲ್ ಬೀಗ – 0.9
ಪಂಪು, ಪಂಕ್ಚರ್ ಸಾಮಗ್ರಿ – 0.5
ಮಳೆಕೋಟು – 0.5
ಖಾಲಿ ಚೀಲ – 0.9
ಒಟ್ಟು – 7.5

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬೀಗ, ಪಂಪು, ನೀರು ಮತ್ತು ಮಳೆಕೋಟು ಬೆನ್ನ ಮೇಲೆ ಇರಬೇಕಾದ ಅಗತ್ಯವೇ ಇಲ್ಲ. ಇವನ್ನು ಸೈಕಲ್ಲಿನ ಚೌಕಟ್ಟಿಗೆ ಅಥವಾ ಕ್ಯಾರಿಯರಿಗೆ ಕಟ್ಟಿದರೆ 2.9 ಕಿಲೋಗ್ರಾಂ ಇಳಿಯುತ್ತದೆ. ಕಚೇರಿಯಲ್ಲೇ ಒಂದು ಚಾರ್ಜರ್ ಇಟ್ಟು, ವಾರಕ್ಕೆ ಬೇಕಾದ ಬಟ್ಟೆಯನ್ನು ಒಂದೇ ದಿನ ಒಯ್ದಿಟ್ಟರೆ ಇನ್ನೂ 1.1 ಕಿಲೋಗ್ರಾಂ ಕಡಿಮೆಯಾಗುತ್ತದೆ. ಬೆನ್ನಿನ ಮೇಲೆ ಉಳಿಯುವುದು 3.5 ಕಿಲೋಗ್ರಾಂ. ಹೊಸ ಚೀಲ ಕೊಳ್ಳದೆಯೇ ಹೊರೆ ಅರ್ಧಕ್ಕಿಂತ ಕಡಿಮೆಯಾಯಿತು!

ನಮ್ಮ ದೇಶದ 2020ರ ಶಾಲಾ ಬ್ಯಾಗ್ ನೀತಿಯು ಮಗುವಿನ ಚೀಲದ ತೂಕ ದೇಹತೂಕದ ಶೇಕಡ 10ನ್ನು ಮೀರಬಾರದೆಂದು ಹೇಳುತ್ತದೆ. ಅದು ನಡೆದು ಹೋಗುವ ಮಕ್ಕಳನ್ನೂ ಗಮನದಲ್ಲಿಟ್ಟುಕೊಂಡ ಮಿತಿ. ಬಾಗಿ ಕುಳಿತು ಅರ್ಧ ಗಂಟೆ ಪೆಡಲ್ ತುಳಿಯುವ ವಯಸ್ಕರು ಇನ್ನೂ ಕಡಿಮೆಯಲ್ಲೇ ನಿಲ್ಲುವುದು ಉತ್ತಮ. ಏಕೆಂದು ಮುಂದೆ ನೋಡೋಣ.

ಎಳೆಯುವುದು ಬೇರೆ, ಹೊರುವುದು ಬೇರೆ

ಭಾರ ಬೆನ್ನ ಮೇಲಿರಲಿ, ಕ್ಯಾರಿಯರಿನಲ್ಲಿರಲಿ, ಅದನ್ನು ಮುಂದಕ್ಕೆ ಒಯ್ಯಲು ಕಾಲುಗಳು ಮಾಡಬೇಕಾದ ಕೆಲಸ ಒಂದೇ. 9 ಕಿಲೋಮೀಟರ್ ದೂರದ, ನಡುವೆ 30 ಮೀಟರ್ ಏರಿಕೆಯಿರುವ ದಾರಿಯನ್ನು ಊಹಿಸಿಕೊಳ್ಳಿ. 7.5 ಕಿಲೋಗ್ರಾಂ ಭಾರವನ್ನು 30 ಮೀಟರ್ ಮೇಲೇರಿಸಲು ಸುಮಾರು 2250 ಜೂಲ್ ಬೇಕು. ಟೈರಿನ ಉರುಳು ಘರ್ಷಣೆಯಿಂದಾಗಿ ಇನ್ನು ಸುಮಾರು 5400 ಜೂಲ್ ಸೇರುತ್ತದೆ. ಸ್ನಾಯುಗಳ ದಕ್ಷತೆ ಶೇಕಡ 25 ಎಂದಿಟ್ಟುಕೊಂಡರೂ ದೇಹ ಖರ್ಚು ಮಾಡುವುದು ಏಳೆಂಟು ಕಿಲೋಕ್ಯಾಲರಿ ಮಾತ್ರ. ಇದಕ್ಕೆ ಒಂದು ಇಡ್ಲಿಯ ಕಾಲುಭಾಗವೂ ಬೇಡ.

ಹಾಗಿದ್ದರೆ ದಣಿವೇಕೆ? ಭಾರವನ್ನು ಕದಲದಂತೆ ಹಿಡಿದು ನಿಲ್ಲಿಸುವ ಸ್ನಾಯು, ಭೌತವಿಜ್ಞಾನದ ಅರ್ಥದಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಬಲವಿದೆ, ಸ್ಥಾನಾಂತರವಿಲ್ಲ. ಆದರೆ ಸ್ನಾಯುವಿನ ಎಳೆಗಳು ಬಿಗಿತ ಉಳಿಸಿಕೊಳ್ಳಲು ಸತತವಾಗಿ ಶಕ್ತಿ ವ್ಯಯಿಸುತ್ತವೆ, ಅದು ಶಾಖವಾಗಿ ಹೋಗುತ್ತದೆ. ಕ್ಯಾರಿಯರಿನ ಉಕ್ಕಿನ ಸರಳಿಗೆ ಈ ಖರ್ಚಿಲ್ಲ. ಅದು ದಿನವಿಡೀ ಭಾರ ಹೊತ್ತರೂ ದಣಿಯುವುದಿಲ್ಲ. ಆದ್ದರಿಂದ ಬೆನ್ನುಚೀಲದ ತೊಂದರೆ ಎಳೆಯುವುದರಲ್ಲಿಲ್ಲ, ಹೊರುವುದರಲ್ಲಿದೆ.

ಬಾಗುವ ಕೋನದ ಲೆಕ್ಕ

ಹೊರುವ ಶ್ರಮ ನಾವು ಎಷ್ಟು ಬಾಗಿ ಕುಳಿತಿದ್ದೇವೆ ಎಂಬುದನ್ನು ಅವಲಂಬಿಸಿದೆ. ಸೊಂಟದ ಕೀಲನ್ನು ತಿರುಗುಬಿಂದು ಎಂದು ಭಾವಿಸಿ. ಚೀಲದ ಗುರುತ್ವ ಕೇಂದ್ರ ಬೆನ್ನುಮೂಳೆಯ ಗುಂಟ ಸೊಂಟದಿಂದ 35 ಸೆಂಟಿಮೀಟರ್ ಮೇಲೆ ಮತ್ತು ಬೆನ್ನುಮೂಳೆಯಿಂದ 15 ಸೆಂಟಿಮೀಟರ್ ಹಿಂದೆ ಇರಲಿ. ಚೀಲದ ತೂಕ ಸುಮಾರು 75 ನ್ಯೂಟನ್.

ಹಳೆಯ ಮಾದರಿಯ ಸೈಕಲ್ಲಿನಲ್ಲಿ ನಾವು ಹೆಚ್ಚು ಕಡಿಮೆ ನೆಟ್ಟಗೆ, ಲಂಬರೇಖೆಗೆ 10 ಡಿಗ್ರಿ ಮಾತ್ರ ಬಾಗಿ ಕೂರುತ್ತೇವೆ. ಆಗ ಚೀಲದ ಗುರುತ್ವ ಕೇಂದ್ರ ಸೊಂಟಕ್ಕಿಂತ ಸುಮಾರು 9 ಸೆಂಟಿಮೀಟರ್ ಹಿಂದಕ್ಕೆ ಬೀಳುತ್ತದೆ. ಚೀಲ ನಮ್ಮನ್ನು 6.5 ನ್ಯೂಟನ್-ಮೀಟರ್ ಭ್ರಾಮಕದಿಂದ ಹಿಂದಕ್ಕೆ ಎಳೆಯುತ್ತದೆ. 30 ಡಿಗ್ರಿ ಬಾಗಿದಾಗ ಗುರುತ್ವ ಕೇಂದ್ರ ಸೊಂಟದಿಂದ ನಾಲ್ಕೂವರೆ ಸೆಂಟಿಮೀಟರ್ ಮುಂದಿರುತ್ತದೆ. ಭ್ರಾಮಕ 3.4 ನ್ಯೂಟನ್-ಮೀಟರಿಗೆ ಇಳಿಯುತ್ತದೆ, ಚೀಲ ಬಹುಪಾಲು ಸಮತೋಲದಲ್ಲಿರುತ್ತದೆ. 45 ಡಿಗ್ರಿ ಬಾಗುವ ವೇಗದ ಸೈಕಲ್ಲುಗಳಲ್ಲಿ ಅದು 14 ಸೆಂಟಿಮೀಟರ್ ಮುಂದಕ್ಕೆ ಹೋಗಿ, ಭ್ರಾಮಕ 10.6 ನ್ಯೂಟನ್-ಮೀಟರ್ ಆಗುತ್ತದೆ. ಇದನ್ನು ತಡೆಯಬೇಕಾದವು ಕೆಳಬೆನ್ನಿನ ಸ್ನಾಯುಗಳು ಮತ್ತು ಕೈಗಳು. ಸೊಂಟದಿಂದ 60 ಸೆಂಟಿಮೀಟರ್ ಮುಂದಿರುವ ಹ್ಯಾಂಡಲಿನ ಮೇಲೆ ಕೈಗಳೇ ಇದನ್ನೆಲ್ಲ ಹೊತ್ತರೆ, ಸುಮಾರು 1.8 ಕಿಲೋಗ್ರಾಂ ಹೆಚ್ಚುವರಿ ಭಾರ ಅಂಗೈಗಳ ಮೇಲೆ ಬೀಳುತ್ತದೆ. ಬೆರಳು ಜೋಮು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಈ ಲೆಕ್ಕದಿಂದ ಎರಡು ಪಾಠಗಳಿವೆ. ಒಂದು, ಒಬ್ಬರಿಗೆ ಹಿತವಾದ ಚೀಲ ಬೇರೆ ಸೈಕಲ್ಲಿನ ಮೇಲೆ ಕೂರುವ ಇನ್ನೊಬ್ಬರಿಗೆ ಹಿತವಾಗಬೇಕಿಲ್ಲ. ಎರಡು, ಲ್ಯಾಪ್‌ಟಾಪಿನಂತಹ ಭಾರದ ವಸ್ತುವನ್ನು ಬೆನ್ನಿಗೆ ತಾಗಿದ ಕಡೆಯೇ ಇಡಬೇಕು. ನೆಟ್ಟಗೆ ಕೂರುವವರಿಗೆ ಹಿಂದಕ್ಕೆಳೆತ ಇದರಿಂದ ಕಡಿಮೆಯಾಗುತ್ತದೆ. ಬಾಗಿ ಕೂರುವವರು ಅದು ಚೀಲದಲ್ಲಿ ಸಾಧ್ಯವಾದಷ್ಟು ಕೆಳಗಿರುವಂತೆಯೂ ನೋಡಿಕೊಳ್ಳಬೇಕು. ಹೊರಗಿನ ಜೇಬಿನಲ್ಲಿ ತುಂಬಿದ ಡಬ್ಬಿ, ಬಾಟಲಿಗಳು ಬೆನ್ನಿನಿಂದ ದೂರವಿದ್ದು ಪ್ರತಿ ತಿರುವಿನಲ್ಲೂ ಚೀಲವನ್ನು ಪಕ್ಕಕ್ಕೆ ಸೆಳೆಯುತ್ತವೆ.

ಹೆಗಲ ಪಟ್ಟಿಯ ಅಗಲ

ಬಲ ಒಂದೇ ಇದ್ದರೂ ವಿಸ್ತೀರ್ಣ ಕಡಿಮೆಯಾದಂತೆ ಒತ್ತಡ ಹೆಚ್ಚುತ್ತದೆ. 75 ನ್ಯೂಟನ್ ತೂಕವನ್ನು ಎರಡು ಪಟ್ಟಿಗಳು ಹಂಚಿಕೊಂಡರೆ ಒಂದೊಂದಕ್ಕೆ 37.5 ನ್ಯೂಟನ್. ಪಟ್ಟಿ 2.5 ಸೆಂಟಿಮೀಟರ್ ಅಗಲವಿದ್ದು ಹೆಗಲಿನ 10 ಸೆಂಟಿಮೀಟರ್ ಉದ್ದವನ್ನು ತಾಗಿದರೆ ಒತ್ತಡ 15 ಕಿಲೋಪಾಸ್ಕಲ್. ಅಗಲ 6 ಸೆಂಟಿಮೀಟರ್ ಆದರೆ ಸುಮಾರು 6 ಕಿಲೋಪಾಸ್ಕಲ್. ಚರ್ಮದಡಿಯ ಲೋಮನಾಳಗಳಲ್ಲಿ ರಕ್ತದ ಒತ್ತಡ ಹೆಚ್ಚೆಂದರೆ ಸುಮಾರು 4 ಕಿಲೋಪಾಸ್ಕಲ್. ಹೊರಗಿನ ಒತ್ತಡ ಇದಕ್ಕಿಂತ ಬಹಳ ಹೆಚ್ಚಾಗಿ, ಬಹಳ ಹೊತ್ತು ಇದ್ದರೆ ಆ ಭಾಗಕ್ಕೆ ರಕ್ತಪೂರೈಕೆ ಕುಂಠಿತವಾಗುತ್ತದೆ. ಹೆಗಲು ಉರಿಯುವುದು, ಕೆಂಪಾಗುವುದು ಇದರಿಂದಲೇ. ಕತ್ತಿನಿಂದ ತೋಳಿಗೆ ಹೋಗುವ ನರಗಳ ಜಾಲವೂ ಈ ಹಾದಿಯಲ್ಲೇ ಇದೆ.

ಹೊರೆಯನ್ನು 3.5 ಕಿಲೋಗ್ರಾಂಗೆ ಇಳಿಸಿ 6 ಸೆಂಟಿಮೀಟರ್ ಅಗಲದ ಪಟ್ಟಿ ಬಳಸಿದರೆ ಒತ್ತಡ 3 ಕಿಲೋಪಾಸ್ಕಲಿಗೂ ಕಡಿಮೆ! ಪಟ್ಟಿಯೊಳಗಿನ ಸ್ಪಂಜು ಬಿಗಿಯಾಗಿರಬೇಕು. ಹಿಸುಕಿದೊಡನೆ ಚಪ್ಪಟೆಯಾಗುವ ಮೆತ್ತನೆಯ ಸ್ಪಂಜು ಭಾರವನ್ನು ಹಂಚುವುದಿಲ್ಲ, ಹಂಚಿದಂತೆ ತೋರುತ್ತದೆ ಅಷ್ಟೆ.

ತೂಗಾಡುವ ಚೀಲ

ಒಂದೇ ಪಟ್ಟಿಯ ಚೀಲವನ್ನು ಹೆಗಲಿಗೆ ನೇತುಹಾಕಿಕೊಂಡು, ಅಥವಾ ಊಟದ ಚೀಲವನ್ನು ಹ್ಯಾಂಡಲಿಗೆ ತಗುಲಿಸಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ. ಇವೆರಡೂ ಲೋಲಕಗಳು. ಲೋಲಕದ ಆವರ್ತ ಕಾಲ ಅದರ ಉದ್ದವನ್ನು ಅವಲಂಬಿಸಿದೆ, ತೂಕವನ್ನಲ್ಲ. ಹ್ಯಾಂಡಲಿನಿಂದ ಚೀಲದ ಗುರುತ್ವ ಕೇಂದ್ರ 25 ಸೆಂಟಿಮೀಟರ್ ಕೆಳಗಿದ್ದರೆ ಆವರ್ತ ಕಾಲ ಸರಿಯಾಗಿ ಒಂದು ಸೆಕೆಂಡು. ನಾವು ಸಾಮಾನ್ಯವಾಗಿ ಪೆಡಲ್ ತುಳಿಯುವುದೂ ನಿಮಿಷಕ್ಕೆ ಸುಮಾರು 60 ಸುತ್ತು, ಅಂದರೆ ಸೆಕೆಂಡಿಗೆ ಒಂದು. ಪ್ರತಿ ಸುತ್ತಿಗೂ ಹ್ಯಾಂಡಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸ್ವಲ್ಪ ವಾಲುತ್ತದೆ. ಜೋಕಾಲಿಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದಾಗ ಜೀಕು ಹೆಚ್ಚುವ ಹಾಗೆ ಚೀಲದ ತೂಗಾಟವೂ ಬೆಳೆಯುತ್ತದೆ. ಇದೇ ಅನುರಣನೆ. ಉದ್ದ 50 ಸೆಂಟಿಮೀಟರ್ ಆದರೆ ಆವರ್ತ ಕಾಲ 1.4 ಸೆಕೆಂಡು. ಇದು ಏರಿನಲ್ಲಿ ನಿಧಾನವಾಗಿ ತುಳಿಯುವ ಲಯ.

ಹ್ಯಾಂಡಲಿನ ಚೀಲದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ತೂಗಾಡುವ ಚೀಲ ಮುಂದಿನ ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿದರೆ ಗಾಲಿ ತಟ್ಟನೆ ನಿಲ್ಲುತ್ತದೆ. ಜಡತ್ವದಿಂದಾಗಿ ಸವಾರ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಎಸೆಯಲ್ಪಡುತ್ತಾನೆ. ಚೀಲವನ್ನು ಹ್ಯಾಂಡಲಿಗೆ ನೇತುಹಾಕಲೇಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಬೆನ್ನುಚೀಲವೂ ಸಡಿಲವಾಗಿದ್ದರೆ ಪಕ್ಕಕ್ಕೆ ಜಾರುತ್ತದೆ, ಜೋರಾಗಿ ಬ್ರೇಕ್ ಹಾಕಿದಾಗ ಕತ್ತಿನ ಕಡೆಗೆ ನುಗ್ಗುತ್ತದೆ. ಆದ್ದರಿಂದ ಎದೆಪಟ್ಟಿ ಇರುವ ಚೀಲವನ್ನೇ ಆರಿಸಿಕೊಳ್ಳಿ. ಸೊಂಟಪಟ್ಟಿಯೂ ಇದ್ದರೆ ಒಳ್ಳೆಯದು. ಚಾರಣಿಗರಿಗೆ ಸೊಂಟಪಟ್ಟಿ ಭಾರವನ್ನು ಸೊಂಟಕ್ಕೆ ಇಳಿಸುವ ಸಾಧನ. ಸೈಕಲ್ ಸವಾರರಿಗೆ ಅದರ ಮುಖ್ಯ ಉಪಯೋಗ ಚೀಲ ಪಕ್ಕಕ್ಕೆ ಜಾರದಂತೆ ತಡೆಯುವುದು.

ಬೆನ್ನಿನ ಬೆವರು

ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಸಾಗಲು ಕಾಲುಗಳು ಸುಮಾರು 75 ವಾಟ್ ಸಾಮರ್ಥ್ಯ ಒದಗಿಸಬೇಕು. ದಕ್ಷತೆ ಶೇಕಡ 25 ಆದ್ದರಿಂದ ದೇಹ ವ್ಯಯಿಸುವುದು 300 ವಾಟ್. ಉಳಿದ 225 ವಾಟ್ ಶಾಖ. ಇದನ್ನೆಲ್ಲ ಬೆವರೇ ಹೊರಹಾಕಬೇಕಾದರೆ ಅರ್ಧ ಗಂಟೆಯಲ್ಲಿ ಸುಮಾರು 170 ಗ್ರಾಂ ಬೆವರು ಆವಿಯಾಗಬೇಕು. ಇಲ್ಲಿ ‘ಆವಿಯಾಗಬೇಕು’ ಎಂಬ ಮಾತು ಮುಖ್ಯ. ತೊಟ್ಟಿಕ್ಕಿದ ಬೆವರು, ಬಟ್ಟೆ ಹೀರಿಕೊಂಡು ಹಾಗೆಯೇ ಉಳಿದ ಬೆವರು ತಂಪು ನೀಡುವುದಿಲ್ಲ.

45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಚೀಲ ನಮ್ಮ ಚರ್ಮದ ಶೇಕಡ 8ರಷ್ಟನ್ನು ಮುಚ್ಚುತ್ತದೆ. ದೇಹ ತಣಿಯುವ ದೃಷ್ಟಿಯಿಂದ ಇದು ದೊಡ್ಡ ನಷ್ಟವಲ್ಲ, ಉಳಿದ ಭಾಗಗಳು ಸರಿದೂಗಿಸುತ್ತವೆ. ಆದರೆ ಚೀಲದಡಿ ಸಿಕ್ಕಿಬಿದ್ದ ಗಾಳಿ ಬೇಗನೆ ತೇವದಿಂದ ಪೂರಿತವಾಗುತ್ತದೆ. ಅಲ್ಲಿನ ಬೆವರಿಗೆ ಹೋಗಲು ದಾರಿಯಿಲ್ಲದೆ ಅಂಗಿಯೇ ಅದನ್ನು ಹೀರಿಕೊಳ್ಳುತ್ತದೆ.

ಇದಕ್ಕಾಗಿ ಬೆನ್ನಿನ ಕಡೆ ಬಿಗಿದ ಜಾಲರಿ ಇರುವ ಚೀಲಗಳು ಬಂದಿವೆ. ಜಾಲರಿ ಮಾತ್ರ ಬೆನ್ನಿಗೆ ತಾಗುತ್ತದೆ. ಚೀಲ ಮೂರು ಸೆಂಟಿಮೀಟರಿನಷ್ಟು ಹಿಂದೆ ಇದ್ದು ನಡುವೆ ಗಾಳಿಯಾಡುತ್ತದೆ. ಆದರೆ ಇದಕ್ಕೆ ಬೆಲೆ ತೆರಬೇಕು. ಗುರುತ್ವ ಕೇಂದ್ರ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಹಿಂಬದಿ ಬಾಗಿರುವುದರಿಂದ ಚಪ್ಪಟೆಯಾದ ಲ್ಯಾಪ್‌ಟಾಪ್ ಸರಿಯಾಗಿ ಕೂರುವುದಿಲ್ಲ. ಹೊರೆ ಹಗುರವಾಗಿದ್ದರೆ ಜಾಲರಿ ಲಾಭದಾಯಕ, ಭಾರವಾಗಿದ್ದರೆ ಅಲ್ಲ.

ಊರೂ ಮುಖ್ಯ. ಮಂಗಳೂರು, ಕಾರವಾರದಂತಹ ಕರಾವಳಿಯಲ್ಲಿ ಸಾಪೇಕ್ಷ ಆರ್ದ್ರತೆ ಹೆಚ್ಚಾಗಿರುವಾಗ ಚೀಲವಿಲ್ಲದ ಬೆನ್ನಿನಲ್ಲೂ ಬೆವರು ಆರುವುದಿಲ್ಲ, ಜಾಲರಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಭಾರವನ್ನು ಕ್ಯಾರಿಯರಿಗೆ ವರ್ಗಾಯಿಸುವುದೇ ಜಾಣತನ. ಕಲಬುರಗಿ, ರಾಯಚೂರಿನ ಒಣಹವೆಯಲ್ಲಿ ಜಾಲರಿ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲವನ್ನೂ ಕ್ಯಾರಿಯರಿಗೇ ಏಕೆ ಹಾಕಬಾರದು?

ಇಷ್ಟೆಲ್ಲ ಓದಿದ ಮೇಲೆ ಈ ಪ್ರಶ್ನೆ ಸಹಜ. ಉತ್ತರ ನಮ್ಮ ರಸ್ತೆಗಳಲ್ಲಿದೆ. ಗಾಲಿ 5 ಸೆಂಟಿಮೀಟರ್ ಆಳದ ಗುಂಡಿಗೆ ಇಳಿದರೆ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ತಳ ಮುಟ್ಟುತ್ತದೆ. ಟೈರು 1 ಸೆಂಟಿಮೀಟರ್ ಅದುಮಿ ಆ ವೇಗವನ್ನು ತಡೆದರೆ, ಕ್ಯಾರಿಯರಿನಲ್ಲಿರುವ ವಸ್ತುವಿಗೆ ತಗಲುವ ಆಘಾತ ಗುರುತ್ವ ವೇಗೋತ್ಕರ್ಷದ ಸುಮಾರು 5 ಪಟ್ಟು. ಸೀಟಿನಿಂದ ಸ್ವಲ್ಪ ಎದ್ದು ನಿಂತ ಸವಾರನ ಮೊಣಕಾಲು, ಸೊಂಟಗಳು 10 ಸೆಂಟಿಮೀಟರ್ ಮಡಿಚಿ ಅದೇ ವೇಗವನ್ನು ತಡೆದರೆ, ಬೆನ್ನ ಮೇಲಿನ ವಸ್ತುವಿಗೆ ಅದರ ಹತ್ತನೆಯ ಒಂದು ಭಾಗ ಮಾತ್ರ. ನಮ್ಮ ದೇಹ ಒಂದು ಉತ್ತಮ ಆಘಾತ ನಿವಾರಕ.

ಆದ್ದರಿಂದ ಕೆಲಸವನ್ನು ಹಂಚಿಬಿಡಿ. ನಾಜೂಕಾದದ್ದು ಬೆನ್ನಿಗೆ, ಗಟ್ಟಿಯಾದದ್ದು ಮತ್ತು ಭಾರವಾದದ್ದು ಸೈಕಲ್ಲಿಗೆ. ಒಟ್ಟು ಹೊರೆ ಅನಿವಾರ್ಯವಾಗಿ 5 ಕಿಲೋಗ್ರಾಂ ಮೀರುವವರು, ಅಥವಾ ಈಗಾಗಲೇ ಬೆನ್ನುನೋವು ಇರುವವರು, ಕ್ಯಾರಿಯರಿನ ಇಕ್ಕೆಲಗಳಿಗೆ ತಗುಲಿಸುವ ಜೋಡಿಚೀಲವನ್ನು ಕೊಂಡು, ಲ್ಯಾಪ್‌ಟಾಪನ್ನು ದಪ್ಪ ಸ್ಪಂಜಿನ ಹೊದಿಕೆಯಲ್ಲಿಟ್ಟು ಒಯ್ಯಬಹುದು. ಜೋಡಿಚೀಲದ ಎರಡೂ ಬದಿಯ ತೂಕ ಸಮವಾಗಿರಬೇಕು, ಪೆಡಲ್ ತುಳಿಯುವಾಗ ಹಿಮ್ಮಡಿ ಅದಕ್ಕೆ ತಗಲಬಾರದು.

ಮಳೆ ಮತ್ತು ಮುಸ್ಸಂಜೆ

ಚೀಲದ ಬಟ್ಟೆಯ ಮೇಲೆ ‘1500 ಮಿಲಿಮೀಟರ್’ ಎಂಬಂತಹ ಸಂಖ್ಯೆ ಇರುವುದುಂಟು. ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು, ಅಂದರೆ ಸುಮಾರು 15 ಕಿಲೋಪಾಸ್ಕಲನ್ನು, ಬಟ್ಟೆ ಸೋರದೆ ತಡೆಯುತ್ತದೆ ಎಂದರ್ಥ. ‘600 ಡೆನಿಯರ್’ ಎಂದಿದ್ದರೆ ಅದು ನೂಲಿನ ದಪ್ಪದ ಅಳತೆ: 9000 ಮೀಟರ್ ನೂಲಿನ ತೂಕ 600 ಗ್ರಾಂ. ಅದಕ್ಕೂ ನೀರು ತಡೆಯುವುದಕ್ಕೂ ನೇರ ಸಂಬಂಧವಿಲ್ಲ. ನೀರು ನುಗ್ಗುವುದು ಹೆಚ್ಚಾಗಿ ಹೊಲಿಗೆಯ ತೂತುಗಳಿಂದ ಮತ್ತು ಜಿಪ್ಪಿನಿಂದ. ಬಾಯಿಯನ್ನು ಮೂರು ಸುತ್ತು ಸುತ್ತಿ ಬಕಲ್ ಹಾಕುವ ಚೀಲಗಳಲ್ಲಿ ಜಿಪ್ಪಿನ ಈ ದೌರ್ಬಲ್ಯವಿಲ್ಲ. ಮಳೆಹೊದಿಕೆ ಹೊರಗಿನಿಂದ ಬರುವ ನೀರನ್ನು ತಡೆದರೂ, ಬೆನ್ನಿನಗುಂಟ ಇಳಿಯುವ ನೀರನ್ನು ತಡೆಯದು. ಹಿಂದಿನ ಗಾಲಿಗೆ ಮಡ್‌ಗಾರ್ಡ್ ಇಲ್ಲದಿದ್ದರೆ ಕೆಸರುನೀರು ಚೀಲದ ತಳಕ್ಕೇ ಚಿಮ್ಮುತ್ತದೆ. ಲ್ಯಾಪ್‌ಟಾಪನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುವುದು ಅಗ್ಗದ, ನಂಬಲರ್ಹ ಉಪಾಯ.

ಮುಸ್ಸಂಜೆಯಲ್ಲಿ ಹಿಂದಿನಿಂದ ಬರುವ ಚಾಲಕನಿಗೆ ಮೊದಲು ಕಾಣುವುದು ನಿಮ್ಮ ಚೀಲ. ಪ್ರತಿಫಲಿಸುವ ಅಂಗಿ ತೊಟ್ಟು ಅದರ ಮೇಲೆ ಕಪ್ಪು ಚೀಲ ಹೊತ್ತರೆ ಅಂಗಿ ವ್ಯರ್ಥ. ಪ್ರತಿಫಲಕ ಪಟ್ಟಿಯಲ್ಲಿರುವ ಸೂಕ್ಷ್ಮ ಗಾಜಿನ ಮಣಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಹೀಗಾಗಿ ವಾಹನದ ದೀಪದ ಬೆಳಕು ಚಾಲಕನ ಕಣ್ಣಿಗೇ ಮರಳುತ್ತದೆ. ಹೊಳೆಯುವ ಹಳದಿ-ಹಸಿರು ಬಟ್ಟೆಯ ಗುಟ್ಟು ಬೇರೆ. ಅದು ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳನ್ನು ಕಾಣುವ ಬೆಳಕಾಗಿ ಪರಿವರ್ತಿಸುತ್ತದೆ. ಹಗಲಿಗೆ ಅದು ಸರಿ, ರಾತ್ರಿಗೆ ಪ್ರತಿಫಲಕ ಪಟ್ಟಿಯೇ ಬೇಕು. ಚೀಲಕ್ಕೆ ಸಿಕ್ಕಿಸಿದ ದೀಪ ನೀವು ಬಾಗಿದಾಗ ಆಕಾಶ ನೋಡುತ್ತದೆ. ಕೆಂಪು ದೀಪ ಸೈಕಲ್ಲಿನ ಮೇಲೇ ಇರಲಿ, ಚೀಲ ಅದನ್ನು ಮರೆಮಾಡದಿರಲಿ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು

1. ಗಾತ್ರ: ಉದ್ದ, ಅಗಲ, ದಪ್ಪಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 45, 30, 15 ಆದರೆ ಸುಮಾರು 20 ಲೀಟರ್. ದಿನನಿತ್ಯಕ್ಕೆ ಇಷ್ಟು ಸಾಕು. ದೊಡ್ಡ ಚೀಲ ಕೊಂಡರೆ ಅದು ತುಂಬಿಯೇ ತುಂಬುತ್ತದೆ.

2. ಉದ್ದ: ಕತ್ತಿನ ಬುಡದ ಉಬ್ಬಿದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಅಳೆಯಿರಿ. ಚೀಲ ಇದಕ್ಕಿಂತ ಉದ್ದವಿರಬಾರದು.

3. ಕತ್ತು: ನಿಮ್ಮ ವಸ್ತುಗಳನ್ನು ತುಂಬಿದ ಚೀಲ ಹೊತ್ತು, ಹೆಲ್ಮೆಟ್ ಧರಿಸಿ, ಸೈಕಲ್ಲಿನ ಮೇಲೆ ಕೂರುವಂತೆ ಬಾಗಿ. ತಲೆಯೆತ್ತಿ ಮುಂದೆ ನೋಡಿ, ಬಳಿಕ ಬಲ ಹೆಗಲ ಮೇಲಿಂದ ಹಿಂದೆ ನೋಡಿ. ಹೆಲ್ಮೆಟ್ ಚೀಲಕ್ಕೆ ತಗುಲಿದರೆ ಆ ಚೀಲ ಬೇಡ. ಎಡಬದಿಯಲ್ಲಿ ಸಾಗುವ ನಮಗೆ ಬಲಗಡೆಯ ಹಿನ್ನೋಟ ಪ್ರಾಣರಕ್ಷಕ.

4. ಜಾರುವಿಕೆ: ಎದೆಪಟ್ಟಿ ಬಿಗಿದು ಮೈಯನ್ನು ಎಡಬಲಕ್ಕೆ ಅಲುಗಿಸಿ. ಚೀಲ ಮೈಯೊಂದಿಗೇ ಚಲಿಸಬೇಕು, ಆನಂತರವಲ್ಲ.

5. ಸಡಿಲ ತುದಿಗಳು: ಪಟ್ಟಿಗಳ ಜೋತುಬಿದ್ದ ತುದಿಗಳನ್ನು ಸಿಕ್ಕಿಸಿಡಲು ವ್ಯವಸ್ಥೆ ಇದೆಯೇ ನೋಡಿ. ಅವು ಹಿಂದಿನ ಗಾಲಿಗೆ ಎಟುಕಬಾರದು.

ಮನೆಯಲ್ಲಿ ಇನ್ನೊಂದು ಸರಳ ಪ್ರಯೋಗ ಮಾಡಬಹುದು. ದೇಹತೂಕ ನೋಡುವ ಯಂತ್ರದ ಮೇಲೆ ಚೀಲ ಹೊತ್ತು ಒಮ್ಮೆ, ಇಳಿಸಿ ಒಮ್ಮೆ ನಿಲ್ಲಿ. ವ್ಯತ್ಯಾಸವೇ ಚೀಲದ ತೂಕ. ತಿಂಗಳಿಗೊಮ್ಮೆ ಹೀಗೆ ನೋಡಿದರೆ, ನಮಗರಿವಿಲ್ಲದೆ ಚೀಲ ಸೇರಿದ ಹಳೆಯ ಕಾಗದ, ಹೆಚ್ಚುವರಿ ಕೇಬಲ್, ಮರೆತ ಛತ್ರಿಗಳು ಹೊರಬರುತ್ತವೆ. ವರ್ಷಕ್ಕೆ 200 ದಿನ, ದಿನಕ್ಕೆ ಎರಡು ಬಾರಿ ಹೊರುವ ಚೀಲದಲ್ಲಿ ಅರ್ಧ ಕಿಲೋಗ್ರಾಂ ಇಳಿದರೂ ಬೆನ್ನಿಗೆ ಅದು ಗೊತ್ತಾಗುತ್ತದೆ. ಹೆಚ್ಚು ಬೆಲೆಯ ಚೀಲ ಕೊಳ್ಳಲಾಗದಿದ್ದರೆ ಚಿಂತೆಯಿಲ್ಲ. ಹಗುರವಾಗಿ ತುಂಬಿದ, ಬೆನ್ನಿಗೆ ಅಂಟಿ ಕೂರುವ ಸಾಧಾರಣ ಚೀಲ, ಹೊರಲಾರದಷ್ಟು ತುಂಬಿದ ದುಬಾರಿ ಚೀಲಕ್ಕಿಂತ ಮೇಲು.